ಕಾಕ್‌ಪಿಟ್‌ಗೆ ಟ್ಯಾಬ್ ಒಯ್ಯುವ ಮುಂಚೆ ಇಷ್ಟು ಮಾಡಿ

ಫ್ಲೈಯಿಂಗ್ ಕಲಿಯಲು ಜಕ್ಕೂರಿಗೋ ಇನ್ನೆಲ್ಲಿಗೋ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರು ಹಾರುವಾಗ ದಾರಿಯ ನಕ್ಷೆ ನೋಡಲು ಟ್ಯಾಬ್ ತಗೊಳ್ಳುವಾಗ ಸ್ಕ್ರೀನ್ ಸೈಜು, ಸ್ಟೋರೇಜು ಎಲ್ಲ ನೋಡುತ್ತಾರೆ. ಜಿಪಿಎಸ್ ಇದೆಯಾ ಅಂತ ಮಾತ್ರ ನೋಡುವುದಿಲ್ಲ. ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದೇ ಇಲ್ಲ. ಸಿಮ್ ಹಾಕುವ ಮಾಡೆಲ್‌ನಲ್ಲಿ ಇರುತ್ತದೆ, ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ದುಡ್ಡು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಬ್ಲೂಟೂತ್ ಜಿಪಿಎಸ್ ರಿಸೀವರ್ ಬೇರೆ ಕೊಂಡು, ಅದಕ್ಕೂ ಚಾರ್ಜ್ ಹಾಕಿ, ಅದನ್ನೂ ಮರೆಯದೆ ಒಯ್ಯಬೇಕು. ಯಾಕೆ ಬೇಕು ಆ ತಲೆನೋವು?

ಚಾರ್ಟುಗಳನ್ನು, ಅಂದರೆ ಹಾರಾಟದ ನಕ್ಷೆಗಳನ್ನು, ಹಿಂದಿನ ದಿನವೇ ಪೂರ್ತಿ ಡೌನ್‌ಲೋಡ್ ಮಾಡಿಡಿ. ಆಗಿದೆಯೋ ಇಲ್ಲವೋ ನೋಡಲು ನಮಗೆ ಘಾಟಿ ಇದೆ, ಅಲ್ವಾ? ಊರಿಗೆ ಬಂದಾಗ ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು, ಡೇಟಾ, ವೈಫೈ ಎರಡೂ ಆಫ್ ಮಾಡಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯಿರಿ. ದಾರಿಯಲ್ಲಿ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಖಾಲಿ ಚೌಕಗಳು ಕಂಡರೆ ಡೌನ್‌ಲೋಡ್ ಆಗಿಲ್ಲ. ನಕ್ಷೆ ಇದ್ದೂ ನಿಮ್ಮ ಗುರುತು ಕದಲದಿದ್ದರೆ ಜಿಪಿಎಸ್ ತಕರಾರು.

ಚಾರ್ಟುಗಳನ್ನು ಹೊಸದು ಮಾಡುವ ಏರಾಕ್ ಚಕ್ರ 28 ದಿನದ್ದು, ಅವಧಿ ಮುಗಿದ ಚಾರ್ಟ್ ಇಟ್ಟುಕೊಂಡು ಹಾರಬೇಡಿ. ನೋಟಾಮ್, ಅಂದರೆ ಪೈಲಟ್‌ಗಳಿಗೆ ಬರುವ ತಾತ್ಕಾಲಿಕ ಸೂಚನೆಗಳನ್ನಂತೂ ಹಾರುವ ದಿನವೇ ನೋಡಬೇಕು. ಆದರೆ ಹಾರುವ ಹಿಂದಿನ ರಾತ್ರಿ ಟ್ಯಾಬ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಲು ಹೋಗಬೇಡಿ, ಬೆಳಿಗ್ಗೆ ಆ್ಯಪ್ ಕೈಕೊಟ್ಟೀತು. 2015ರ ಏಪ್ರಿಲ್‌ನಲ್ಲಿ ಪೈಲಟ್‌ಗಳ ಐಪ್ಯಾಡ್ ಆ್ಯಪ್ ಕೈಕೊಟ್ಟು ಅಮೆರಿಕನ್ ಏರ್‌ಲೈನ್ಸ್‌ನ ಹತ್ತಾರು ವಿಮಾನಗಳೇ ತಡವಾಗಿ ಹೊರಟವು. ಅಷ್ಟು ದೊಡ್ಡ ಕಂಪನಿಯ ಕತೆಯೇ ಹಾಗೆ.

ನಮ್ಮಲ್ಲಿ ಜಾಸ್ತಿ ಕಾಡುವುದು ಬಿಸಿಲು. ಐಪ್ಯಾಡ್‌ಗೆ ಕಂಪನಿ ಹೇಳುವ ಮಿತಿ 35 ಡಿಗ್ರಿ. ಎಸಿ ಇಲ್ಲದ ಸಣ್ಣ ವಿಮಾನ ಬಿಸಿಲಲ್ಲಿ ನಿಂತಿದ್ದರೆ ಗಾಜಿನ ಹಿಂದೆ ಅದು ದಾಟಲು ಎಷ್ಟೊತ್ತು? ಸ್ಕ್ರೀನ್ ಕಪ್ಪಾಗಿ ಟೆಂಪರೇಚರ್ ಎಚ್ಚರಿಕೆ ಬರುತ್ತದೆ, ತಣ್ಣಗಾಗುವವರೆಗೆ ಏನೂ ಮಾಡುವಂತಿಲ್ಲ. ದಪ್ಪ ಕವರ್ ತೆಗೆದುಬಿಡಿ. ಡ್ಯಾಶ್ ಮೇಲೆ ಇಡಬೇಡಿ, ತೊಡೆಗೆ ಕಟ್ಟುವ ನೀಬೋರ್ಡ್ ಒಳ್ಳೆಯದು. ಯೋಕ್, ಅಂದರೆ ವಿಮಾನದ ಸ್ಟೇರಿಂಗ್ ಮೇಲೆ ಕೂರಿಸಿದರೆ ಆ ಯೋಕನ್ನು ಎಲ್ಲ ಕಡೆಗೂ ಕೊನೆಯವರೆಗೆ ತಿರುಗಿಸಿ, ಎಳೆದು, ತಳ್ಳಿ, ಟ್ಯಾಬ್ ಎಲ್ಲೂ ತಾಗುವುದಿಲ್ಲವಾ ನೋಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರು ಟ್ಯಾಬ್ ಅಡ್ಡ, ಉದ್ದ ಎರಡೂ ಹಿಡಿದು ನೋಡಿ, ಒಂದರಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಗಿ ಕಾಣಬಹುದು.

ಇನ್ನು ಜೂಮ್. ಹಾಸನದಿಂದ ಚಿಕ್ಕಮಗಳೂರು ನೇರಕ್ಕೆ ಸುಮಾರು 50 ಕಿ.ಮೀ. ಹತ್ತು ಲಕ್ಷಕ್ಕೆ ಒಂದರ ಅಳತೆಯ ಕಾಗದದ ಚಾರ್ಟಿನಲ್ಲಿ ಅದು 5 ಸೆಂ.ಮೀ., 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿ 16 ನಿಮಿಷ. ಊರು ದಾಟಿದ ಕೂಡಲೇ 1,930 ಮೀಟರ್ ಎತ್ತರದ, ಅಂದರೆ 6,300 ಅಡಿಗೂ ಮೇಲಿನ, ಮುಳ್ಳಯ್ಯನಗಿರಿ ಸಾಲು. ಕಾಗದದಲ್ಲಿ ಇದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಟ್ಯಾಬ್‌ನಲ್ಲಿ ಊರಿನ ಮೇಲೆ ಜೂಮ್ ಮಾಡಿದ್ದರೆ ಗುಡ್ಡ ಸ್ಕ್ರೀನಿನ ಆಚೆ ಇರುತ್ತದೆ. ಹೊರಡುವ ಮುಂಚೆ ಇಡೀ ದಾರಿಯನ್ನು ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ ಸರಿಸಿ ನೋಡಿ.

ಒಂದು ಹಾಳೆಯಲ್ಲಿ ದಿಕ್ಕು, ದೂರ, ಸಮಯ, ಸುರಕ್ಷಿತ ಎತ್ತರ, ರೇಡಿಯೊ ಫ್ರೀಕ್ವೆನ್ಸಿ ಪೆನ್ನಿನಲ್ಲಿ ಬರೆದುಕೊಳ್ಳಿ. ಫೋನಿನಲ್ಲೂ ಅದೇ ಚಾರ್ಟುಗಳಿರಲಿ, ಪವರ್ ಬ್ಯಾಂಕ್ ಕೈಗೆ ಸಿಗುವಂತಿರಲಿ. ಟ್ಯಾಬ್ ಬಳಸಬಹುದಾ ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಮೊದಲೇ ಕೇಳಿ. ಅವರು ಬೇಡ ಅಂದರೆ ಕಾಗದದ ಚಾರ್ಟು, ಸ್ಕೇಲು, ಪ್ರೊಟ್ರಾಕ್ಟರ್ ಹೊರಗೆ ತೆಗೆಯಿರಿ.