ನಾಲ್ಕು ತಿಂಗಳು ಮುಂಚೆ ಹೇಳಿ ಕೆಟ್ಟೆ

ಇದುವರೆಗೆ ಮೂರು ಕೆಲಸ ಬಿಟ್ಟಿದ್ದೇನೆ. ಮೊದಲನೆಯದಕ್ಕೆ ಕಡಿಮೆ ನೋಟಿಸ್ (ಬಿಡುತ್ತೇನೆ ಎಂದು ಮೊದಲೇ ತಿಳಿಸಬೇಕಾದ ಅವಧಿ) ಕೊಟ್ಟು ದುಡ್ಡು ಕಳೆದುಕೊಂಡೆ. ಎರಡನೆಯದಕ್ಕೆ ಜಾಸ್ತಿ ಕೊಟ್ಟು ನೆಮ್ಮದಿ ಕಳೆದುಕೊಂಡೆ. ಮೂರನೆಯದರ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು.

ಮೊದಲನೆಯದು ಬರೀ ಪೆದ್ದುತನ. ಸೇರುವಾಗ ಕೊಟ್ಟ ಪತ್ರದಲ್ಲಿ ನೋಟಿಸ್ 15 ದಿನ ಎಂದಿತ್ತು. ಅದು ಪ್ರೊಬೇಷನ್ ಮುಗಿಯುವ ತನಕ ಮಾತ್ರ. ಕೆಲಸ ಖಾಯಂ ಆದಾಗ ಇನ್ನೊಂದು ಪತ್ರ ಬಂದಿತ್ತು. ಸಂಬಳ ಎಷ್ಟು ಏರಿದೆ ಅಂತ ನೋಡಿ ಅದನ್ನು ಮಡಿಸಿ ಇಟ್ಟಿದ್ದೆ. ಅದರಲ್ಲಿ 60 ದಿನ ಎಂದು ಬರೆದಿತ್ತು! ನಾನು ಆಗಲೇ ಹೊಸ ಕಡೆ ಮೂರು ವಾರದಲ್ಲಿ ಬರುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ನೋಟಿಸಿನಲ್ಲಿ ಉಳಿದ ದಿನಗಳ ಸಂಬಳದಷ್ಟು ದುಡ್ಡು ಬಿಟ್ಟುಕೊಟ್ಟು ಹೊರಬಿದ್ದೆ.

ಆ ಏಟು ತಿಂದವನು ಎರಡನೇ ಸಲ ತೀರಾ ಒಳ್ಳೆಯವನಾಗಲು ಹೋದೆ. ನಮ್ಮದು ಚಿಕ್ಕ ತಂಡ. ಕೆಲವು ಕೆಲಸ ನನ್ನೊಬ್ಬನಿಗೇ ಗೊತ್ತಿತ್ತು. ಪಾಪ, ಇವರಿಗೆ ತೊಂದರೆ ಆಗಬಾರದು ಅಂತ ನಾಲ್ಕು ತಿಂಗಳು ಮುಂಚೆಯೇ ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಹೇಳಿದೆ. ಅವರು ಬೆನ್ನು ತಟ್ಟಿ ಥ್ಯಾಂಕ್ಸ್ ಅಂದರು.

ಮುಂದಿನ ವಾರ ಹೊಸ ಪ್ರಾಜೆಕ್ಟಿನಿಂದ ನನ್ನ ಹೆಸರು ಹೋಯಿತು. ಒಂದೊಂದೇ ಮೀಟಿಂಗಿಗೆ ಕರೆಯುವುದು ನಿಂತಿತು. ನಡುವೆ ಸಂಬಳ ಏರಿಕೆಯ ಕಾಲ ಬಂತು, ಪಟ್ಟಿಯಲ್ಲಿ ನಾನಿಲ್ಲ. ಹೋಗುವವನಿಗೆ ಯಾಕೆ ಏರಿಸುತ್ತಾರೆ, ಅಲ್ವಾ? ಯಾರೂ ಕೆಟ್ಟವರಲ್ಲ. ಬಿಡುತ್ತೇನೆ ಅಂದ ಕ್ಷಣದಿಂದ ನಾವು ಅಲ್ಲಿ ನೆಂಟರು, ಅಷ್ಟೇ.

ಇನ್ನೂ ತಮಾಷೆ ಏನೆಂದರೆ, ನನ್ನ ಜಾಗಕ್ಕೆ ಬಂದವರು ಬಂದದ್ದು ಕೊನೆಯ ಎರಡು ವಾರದಲ್ಲಿ. ನಾನು ರಾಜೀನಾಮೆ ಬರೆದು ಕೊಡುವ ತನಕ ಜಾಗ ಖಾಲಿ ಎಂದು ಎಚ್‌ಆರ್ ಲೆಕ್ಕದಲ್ಲಿ ಇರಲೇ ಇಲ್ಲ. ಖಾಲಿ ಇಲ್ಲದ ಜಾಗಕ್ಕೆ ಅನುಮತಿ ಸಿಗುವುದಿಲ್ಲ, ಅನುಮತಿ ಇಲ್ಲದೆ ಇಂಟರ್‌ವ್ಯೂ ನಡೆಯುವುದಿಲ್ಲ. ನಾನು ದಾನ ಮಾಡಿದ ಹೆಚ್ಚಿನ ತಿಂಗಳುಗಳು ಯಾರ ಉಪಯೋಗಕ್ಕೂ ಬರಲಿಲ್ಲ.

ಮೂರನೇ ಸಲ ಬಾಯಿ ಬಿಡುವ ಮೊದಲು ಕಾಗದಗಳನ್ನೆಲ್ಲ ತೆಗೆದು ಕೂತೆ. ನೋಟಿಸ್ 60 ದಿನ. ಭಾನುವಾರ, ರಜೆ ಎಲ್ಲ ಸೇರಿಯೋ ಅಥವಾ ಬರೀ ಕೆಲಸದ ದಿನಗಳೋ? ಸೇರಿ. ನಡುವೆ ರಜೆ ಹಾಕಿದರೆ ಕೊನೆಯ ದಿನ ಅಷ್ಟು ಮುಂದಕ್ಕೆ ಹೋಗುತ್ತದೆ ಎಂಬ ಸಾಲೂ ಇತ್ತು. ಬಾಕಿ ರಜೆಗೆ ದುಡ್ಡು ಸಿಗುತ್ತದೆಯೇ, ಬೋನಸ್ ಯಾವತ್ತು ಖಾತೆಗೆ ಬೀಳುತ್ತದೆ, ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟವರಿಗೆ ಸಿಗುತ್ತದೆಯೇ, ಎಲ್ಲ ನೋಡಿದೆ. ಮೊದಲೇ ಕೊಟ್ಟವರಿಗೆ ಬೋನಸ್ ಸಿಗುವುದಿಲ್ಲ ಎಂದಿತ್ತು. ಬೋನಸ್ಸಿಗೆ ಇನ್ನು ಹನ್ನೊಂದು ದಿನ. ಸುಮ್ನೆ ಕಾದೆ. ಹೊಸ ಕಡೆಯ ಪತ್ರವೂ ಸಹಿ ಆಗಿ ಕೈಗೆ ಬರಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಹೊಸ ಕಡೆಯವರಿಗೆ, ಸೇರಲು 70 ದಿನ ಬೇಕು ಎಂದು ಮೊದಲೇ ಹೇಳಿದ್ದೆ. ನಡುವೆ ಒಂದು ವಾರ ಮಲಗಬೇಕಿತ್ತು ನನಗೆ.

ಆಮೇಲೆ ಬೆಳಗ್ಗೆ ಮ್ಯಾನೇಜರ್‌ಗೆ ಮುಖತಃ ಹೇಳಿ, ಅದೇ ಮಧ್ಯಾಹ್ನ ಮೇಲ್ ಹಾಕಿದೆ. ನಾಲ್ಕೇ ಸಾಲು. ಕಾರಣ ಬರೆಯಲಿಲ್ಲ, ಕೊನೆಯ ದಿನದ ತಾರೀಖು ಮಾತ್ರ ಬಿಡಿಸಿ ಬರೆದೆ. ದಿನ ಎಣಿಸುವುದು ಆ ಮೇಲ್‌ನಿಂದ. ತಾರೀಖು ಒಪ್ಪಿದ್ದೇವೆ ಎಂಬ ಉತ್ತರ ಬರಲು ಎರಡು ಸಲ ನೆನಪಿಸಬೇಕಾಯಿತು.

ಇನ್ನೊಂದು ತಿಂಗಳು ಇರಿ ಎಂದರು. ಆಗುವುದಿಲ್ಲ, ಬಿಟ್ಟ ಮೇಲೆ ಒಂದು ತಿಂಗಳು ಸಂಜೆ ಫೋನ್ ಮಾಡಿದರೆ ಎತ್ತುತ್ತೇನೆ ಎಂದೆ. ಸಂಬಳ ಏರಿಸುತ್ತೇವೆ ಎಂದೂ ಹೇಳಿದರು. ಅದರ ಬಗ್ಗೆ ಬೇಡ ಬಿಡಿ.

ನಿಜ ಹೇಳಬೇಕೆಂದರೆ ಕೆಲಸ ಒಪ್ಪಿಸಲು 60 ದಿನ ಬೇಕಿರಲಿಲ್ಲ. ನನಗೊಬ್ಬನಿಗೇ ಗೊತ್ತಿರುವುದನ್ನು ಪಟ್ಟಿ ಮಾಡಿದರೆ ಏಳೇ ಆದವು. ಬರೆದು ಕೊಡಲು ಒಂದು ವಾರ ಸಾಕಾಯಿತು. ಕೊನೆಯ ಎರಡು ವಾರ ನಾನು ಕೀಬೋರ್ಡ್ ಮುಟ್ಟಲಿಲ್ಲ. ಸಹೋದ್ಯೋಗಿ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ತಿಂಗಳ ಕೊನೆಯ ವರದಿಯಲ್ಲಿ ಅವರು ಸಿಕ್ಕಿಹಾಕಿಕೊಂಡಾಗಲೇ ಗೊತ್ತಾಗಿದ್ದು, ಐದು ವರ್ಷದಿಂದ ಕಣ್ಣು ಮುಚ್ಚಿ ಮಾಡುತ್ತಿದ್ದ ಒಂದು ಹೆಜ್ಜೆಯನ್ನು ನಾನು ಬರೆದೇ ಇರಲಿಲ್ಲ.

ಬಿಟ್ಟ ಮೇಲೆ ಎರಡೇ ಫೋನ್ ಬಂತು. ಒಂದು, ಯಾವುದೋ ಫೈಲ್ ಎಲ್ಲಿದೆ ಎಂದು. ಇನ್ನೊಂದು ಅದೇ ಮ್ಯಾನೇಜರ್‌ದು, ನಿಮ್ಮ ಕಡೆ ಯಾವುದಾದರೂ ಕೆಲಸ ಖಾಲಿ ಇದೆಯಾ ಅಂತ.