ದೂರದ ಓಡಾಟಕ್ಕೆ ಕಾರಿನ ಚಕ್ರ ದೊಡ್ಡದು ಮಾಡಿಸುವ ಮುನ್ನ

ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ಬರುವ ಕಾರಿಗೆ ಒಂದೇ ದಿನದಲ್ಲಿ ಮೂರು ಬಗೆಯ ರಸ್ತೆ ಎದುರಾಗುತ್ತದೆ. ನೆಲಮಂಗಲದಿಂದ ಹಾಸನದವರೆಗೆ ನಿರಾಳವಾಗಿ ಓಡಿಸಬಹುದಾದ ಚತುಷ್ಪಥ, ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯ ತಿರುವುಗಳು, ಮಳೆಗಾಲವಾದರೆ ಅಲ್ಲಲ್ಲಿ ನೀರು ನಿಂತು ಆಳವೇ ತಿಳಿಯದ ಹೊಂಡಗಳು. ದೊಡ್ಡ ಚಕ್ರ ಹಾಕಿಸಬೇಕೆಂಬ ಆಸೆ ಹುಟ್ಟುವುದು ಮೊದಲನೆಯ ರಸ್ತೆಯಲ್ಲಿ. ಅದಕ್ಕೆ ಬೆಲೆ ತೆರುವುದು ಮೂರನೆಯದರಲ್ಲಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಂಪನಿ ಕೊಟ್ಟ ರಿಮ್ಮಿಗಿಂತ ಒಂದು ಇಂಚು ಹೆಚ್ಚಿಸುವುದರಲ್ಲಿ ಅರ್ಥವಿದೆ, ಎರಡು ಇಂಚು ಹೆಚ್ಚಿಸಿದರೆ ಸಿಗುವುದು ಬಹುಪಾಲು ನೋಟವೇ.

ಲೆಕ್ಕ ಆರಂಭವಾಗುವುದು ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವ ಅಂಕಿಗಳಿಂದ. 185/65 ಆರ್15 ಎಂದಿದ್ದರೆ ಟಯರಿನ ಅಗಲ 185 ಮಿ.ಮೀ., ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ಮಿನ ವ್ಯಾಸ 15 ಇಂಚು ಎಂದರ್ಥ. 185ರ ಶೇ. 65 ಎಂದರೆ ಸುಮಾರು 120 ಮಿ.ಮೀ.; ಮೇಲೆ ಕೆಳಗೆ ಎರಡು ಗೋಡೆಗಳ ಎತ್ತರವನ್ನು ರಿಮ್ಮಿನ 381 ಮಿ.ಮೀ.ಗೆ ಕೂಡಿಸಿದರೆ ಇಡೀ ಚಕ್ರದ ವ್ಯಾಸ 621.5 ಮಿ.ಮೀ. ಆಗುತ್ತದೆ. ಇದೇ ಲೆಕ್ಕವನ್ನು 195/55 ಆರ್16ಕ್ಕೆ ಮಾಡಿ ನೋಡಿದರೆ 620.9 ಮಿ.ಮೀ. ಬರುತ್ತದೆ, ಅಂದರೆ ರಿಮ್ ಒಂದು ಇಂಚು ಬೆಳೆದರೂ ಚಕ್ರ ಬೆಳೆಯಲಿಲ್ಲ. ಸರಿಯಾದ ಬದಲಾವಣೆಯ ಗುರುತು ಇದೇ. ಅದರ ಬದಲು 195/60 ಆರ್16 ಹಾಕಿಸಿದರೆ ವ್ಯಾಸ 640 ಮಿ.ಮೀ. ದಾಟಿ ಶೇ. 3ರಷ್ಟು ಹೆಚ್ಚುತ್ತದೆ, ಆಗ ಚಕ್ರದ ಪ್ರತಿ ಸುತ್ತಿಗೂ ಕಾರು ಮೀಟರಿನ ಲೆಕ್ಕಕ್ಕಿಂತ ಹೆಚ್ಚು ದೂರ ಸಾಗುವುದರಿಂದ, ಹಿಂದೆ ಮೀಟರಿನಲ್ಲಿ 100 ಕಂಡಾಗ ಇದ್ದ ವೇಗಕ್ಕಿಂತ ಈಗ ಅದೇ 100ರಲ್ಲಿ ನಿಜವಾದ ವೇಗ ಶೇ. 3ರಷ್ಟು ಜಾಸ್ತಿ ಇರುತ್ತದೆ. ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳ ಕೆಳಗೆ ಓಡಾಡುವವರು ಇದನ್ನು ಮರೆಯಬಾರದು. ಶೇ. 3 ಎಂಬುದು ವ್ಯಾಸದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಕೊನೆಯ ಮಿತಿ. ದೂರದ ಓಡಾಟಕ್ಕೆ ಶೇ. 1ರೊಳಗೆ ನಿಲ್ಲುವುದೇ ಲೇಸು.

ದೊಡ್ಡ ರಿಮ್ ಹಾಕಿಸಿದರೆ ಕಾರು ಎತ್ತರವಾಗಿ, ಹಂಪುಗಳಿಗೆ ತಳ ತಾಗುವುದಿಲ್ಲ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಕಾರಿನ ಎತ್ತರವನ್ನು ನಿರ್ಧರಿಸುವುದು ರಿಮ್ ಅಲ್ಲ, ಇಡೀ ಚಕ್ರದ ವ್ಯಾಸ. ಅದೂ ಅದರ ಅರ್ಧ ಮಾತ್ರ. ಮೇಲೆ ಹೇಳಿದ 640 ಮಿ.ಮೀ. ಚಕ್ರದಿಂದಲೂ ಸಿಗುವ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆ.

ಹಾಗಾದರೆ ಒಂದು ಇಂಚಿನಿಂದ ಸಿಗುವುದೇನು? ಪಕ್ಕದ ಗೋಡೆ 120ರಿಂದ 107 ಮಿ.ಮೀ.ಗೆ ಇಳಿಯುವುದರಿಂದ ತಿರುವಿನಲ್ಲಿ ಟಯರು ಬಾಗುವುದು ಕಡಿಮೆಯಾಗಿ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಘಾಟಿ ಇಳಿಯುವಾಗ ಮತ್ತು ಹೆದ್ದಾರಿಯಲ್ಲಿ ಪಥ ಬದಲಿಸುವಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಆದರೆ ಅದೇ ಗೋಡೆ ಹೊಂಡದ ಏಟನ್ನು ತಡೆಯುವ ಮೆತ್ತೆಯೂ ಹೌದು. ಕೆಲವು ವರ್ಷಗಳ ಹಿಂದೆ ನಾನು ಅಂಗಡಿಯವನ ಮಾತಿಗೆ ಮರುಳಾಗಿ 205/45 ಆರ್17 ಹಾಕಿಸಿದ್ದೆ. ವ್ಯಾಸದ ಲೆಕ್ಕ ಸರಿಯಾಗಿಯೇ ಇತ್ತು, ಗೋಡೆ ಮಾತ್ರ 92 ಮಿ.ಮೀ. ಉಳಿದಿತ್ತು. ಹಿರಿಯೂರಿನ ಆಚೆ ರಾತ್ರಿ ಹೊತ್ತು ಬಣ್ಣ ಬಳಿಯದ ಒಂದು ಹಂಪನ್ನು ಗಮನಿಸದೆ ಅರವತ್ತರ ವೇಗದಲ್ಲಿ ಹತ್ತಿಸಿದಾಗ ಠಣ್ಣೆಂದು ಲೋಹದ ಸದ್ದು ಕೇಳಿತು. ಇಳಿದು ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಎಡಗಡೆಯ ಮುಂದಿನ ಟಯರಿನ ಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಉಬ್ಬು ಎದ್ದಿತ್ತು. ಒಳಗಿನ ದಾರಗಳು ಹರಿದು ಗಾಳಿ ರಬ್ಬರನ್ನು ನೂಕಿದಾಗ ಏಳುವ ಉಬ್ಬು ಅದು. ಅದಕ್ಕೆ ದುರಸ್ತಿಯಿಲ್ಲ, ಟಯರನ್ನೇ ಬದಲಿಸಬೇಕು. ಮರುದಿನ ಮಧ್ಯಾಹ್ನದವರೆಗೆ ವಿಚಾರಿಸಿದರೂ ಹೆದ್ದಾರಿ ಬದಿಯ ಯಾವ ಅಂಗಡಿಯಲ್ಲೂ ಆ ಅಳತೆ ಇರಲಿಲ್ಲ. ಆದ್ದರಿಂದ ನೀವು ಆರಿಸುವ ಅಳತೆ ನಿಮ್ಮ ದಾರಿಯ ಸಣ್ಣ ಊರುಗಳಲ್ಲಿ ಸಿಗುತ್ತದೆಯೇ ಎಂದು ಮೊದಲೇ ಒಂದೆರಡು ಕಡೆ ಫೋನು ಮಾಡಿ ಕೇಳುವುದನ್ನು ನಾನು ಆಯ್ಕೆಯ ಭಾಗವೆಂದೇ ಎಣಿಸುತ್ತೇನೆ.

ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ನಿಮ್ಮ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಯಾವ ಅಳತೆ ಕೊಡುತ್ತದೆ ಎಂದು ನೋಡುವುದು. ಉದಾಹರಣೆಗೆ, ಬಲೆನೊ ಕಾರಿನ ಕೆಳದರ್ಜೆಯ ಮಾದರಿಗಳಿಗೆ 185/65 ಆರ್15, ಮೇಲ್ದರ್ಜೆಯವಕ್ಕೆ 195/55 ಆರ್16 ಬರುತ್ತದೆ. ಅಂತಹ ಅಳತೆಯಲ್ಲಿ ಸಸ್ಪೆನ್ಷನ್ ಮತ್ತು ಚಕ್ರದ ಕಮಾನಿನ ಜಾಗವನ್ನು ಕಂಪನಿಯೇ ಪರೀಕ್ಷಿಸಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳು ಬದಲಾಗುವ ಮಾರ್ಪಾಡನ್ನು ಒಪ್ಪುವುದಿಲ್ಲವಾದ್ದರಿಂದ, ಆ ದೃಷ್ಟಿಯಿಂದಲೂ ಕಂಪನಿಯ ಅಳತೆಯೊಳಗೇ ಇರುವುದು ನೆಮ್ಮದಿ. ವಿಮಾ ಸಂಸ್ಥೆಗೆ ಹೊಸ ಅಲಾಯ್ ಚಕ್ರಗಳ ವಿಷಯವನ್ನು ಬರೆದು ತಿಳಿಸಿರಬೇಕು.

ಅಳತೆ ತೀರ್ಮಾನವಾದ ಮೇಲೆ ರಿಮ್ಮಿನ ವಿವರಗಳನ್ನು ಅಂಗಡಿಯವರ ಮಾತಿಗೆ ಬಿಡದೆ ನೀವೇ ಓದಿಕೊಳ್ಳಬೇಕು. ನಟ್ಟುಗಳ ಸಂಖ್ಯೆ ಮತ್ತು ವೃತ್ತದ ವ್ಯಾಸವನ್ನು ಹೇಳುವ ಪಿಸಿಡಿ, ಉದಾಹರಣೆಗೆ 4x100, ತಾಳೆಯಾಗದಿದ್ದರೆ ಚಕ್ರ ಕೂರುವುದೇ ಇಲ್ಲ. ಆದ್ದರಿಂದ ಅಲ್ಲಿ ಮೋಸ ಹೋಗುವ ಸಂಭವ ಕಡಿಮೆ. ಎಡವುವುದು ಉಳಿದೆರಡರಲ್ಲಿ. ಇಟಿ ಎಂದು ಕೆತ್ತಿರುವ ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ನಟ್ಟು ಬಿಗಿಯುವ ಮುಖಕ್ಕಿರುವ ದೂರ, ಕಂಪನಿಯದಕ್ಕಿಂತ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚಿಕೊಂಡು, ಬೇರಿಂಗಿನ ಮೇಲೆ ಭಾರ ಹೆಚ್ಚಿ, ನಾಲ್ಕು ಜನ ಹಾಗೂ ಸಾಮಾನು ತುಂಬಿದಾಗ ಟಯರು ಫೆಂಡರಿಗೆ ಉಜ್ಜತೊಡಗುತ್ತದೆ. ರಿಮ್ಮಿನ ನಡುವಿನ ರಂಧ್ರ, ಅದು ಕೂರುವ ಕಾರಿನ ಹಬ್ (ಚಕ್ರದ ಗುಂಭ) ಗಿಂತ ದೊಡ್ಡದಿದ್ದರೆ ಸರಿಯಾದ ಅಳತೆಯ ರಿಂಗು ಹಾಕಿಸಲೇಬೇಕು, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಎಂಬತ್ತು ದಾಟಿದ ಮೇಲೆ ಸ್ಟಿಯರಿಂಗ್ ನಡುಗುವುದು ನಿಲ್ಲದಿರಬಹುದು. ರಿಮ್ಮಿನ ಮೇಲೆ ಜೆಡಬ್ಲ್ಯೂಎಲ್ ಎಂಬ, ಅಲಾಯ್ ಚಕ್ರಗಳಿಗಿರುವ ಜಪಾನಿನ ಗುಣಮಟ್ಟದ ಗುರುತು ಮತ್ತು ಹೊರಬಲ್ಲ ಗರಿಷ್ಠ ಭಾರವನ್ನು ಅಚ್ಚೊತ್ತಿದೆಯೇ ನೋಡಿ. ಸಾಧ್ಯವಾದರೆ ಹಳೆಯ ಮತ್ತು ಹೊಸ ಚಕ್ರವನ್ನು ಟಯರು ಸಮೇತ ತಕ್ಕಡಿಯ ಮೇಲಿಟ್ಟು ತೂಗಿಸಿ. ಒಂದೊಂದು ಚಕ್ರಕ್ಕೆ ಎರಡು ಕೆ.ಜಿ. ಹೆಚ್ಚಿದರೂ ಕಾರು ವೇಗ ಪಡೆಯುವುದರಲ್ಲಿ, ಬ್ರೇಕಿನಲ್ಲಿ, ಇಂಧನದಲ್ಲಿ ಅದರ ಬಾಧೆ ಇದ್ದೇ ಇರುತ್ತದೆ.

ಟಯರಿನಲ್ಲಿ ಭಾರದ ಸೂಚ್ಯಂಕವೂ ಮುಖ್ಯ. 88 ಎಂದರೆ ಒಂದು ಟಯರು 560 ಕೆ.ಜಿ., 87 ಎಂದರೆ 545 ಕೆ.ಜಿ. ಹೊರಬಲ್ಲದು. ಹೊಸದು ನಿಮ್ಮ ಕಾರಿಗೆ ಕಂಪನಿ ಹೇಳಿದ ಸಂಖ್ಯೆಗಿಂತ ಕೆಳಗಿರಬಾರದು. ಆ ಅಳತೆಗೆ ಕಂಪನಿಯೇ ಕಡಿಮೆ ಸಂಖ್ಯೆಯನ್ನು ಒಪ್ಪಿದ್ದರೆ ಮಾತ್ರ ವಿನಾಯಿತಿ. ತಯಾರಿಯ ದಿನಾಂಕದ ನಾಲ್ಕು ಅಂಕಿಗಳನ್ನೂ ಓದಿ: 2324 ಎಂದರೆ 2024ರ 23ನೇ ವಾರ. ಅಗಲದ ಆಸೆಯನ್ನು ಮಾತ್ರ ಬಿಡಿ, ಏಕೆಂದರೆ ಕರಾವಳಿಯ ಮಳೆಯಲ್ಲಿ ಅಗಲದ ಟಯರು ನೀರನ್ನು ಸೀಳುವ ಬದಲು ಅದರ ಮೇಲೆ ತೇಲತೊಡಗುವುದು ಬೇಗ.

ಚಕ್ರ ಹಾಕಿಸಿದ ದಿನ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗಡೆ ಸ್ಟ್ರಟ್‌ಗೂ (ಸಸ್ಪೆನ್ಷನ್ನಿನ ಕಂಬ) ಟಯರಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗವಿದೆಯೇ ನೋಡಿ. ಹೊಸ ರಿಮ್ಮಿಗೆ ಒಪ್ಪುವ ನಟ್ಟುಗಳನ್ನೇ ಬಳಸಿ, ಗಾಳಿ ಗನ್ನಿನಿಂದಲ್ಲದೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ. ಸ್ಟೆಪ್ನಿ ಹಳೆಯ ಅಳತೆಯದೇ ಆಗಿದ್ದರೂ ವ್ಯಾಸ ಸರಿಸಮವಿರುವುದರಿಂದ ಹತ್ತಿರದ ಪಂಕ್ಚರ್ ಅಂಗಡಿ ತಲುಪಿಸಲು ಸಾಕು, ಆದರೆ ಅದರ ನಟ್ಟುಗಳು ಬೇರೆಯಾಗಿದ್ದರೆ ಹಳೆಯವನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಮೊದಲ ನೂರು ಕಿ.ಮೀ. ಆದ ಮೇಲೆ ಚಕ್ರ ತಣ್ಣಗಿರುವಾಗ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಹಿಂದಿನ ಕಮಾನುಗಳ ಒಳಗೆ ಕೈಯಾಡಿಸಿ. ಎಲ್ಲಾದರೂ ರಬ್ಬರಿನ ಕಪ್ಪು ಪುಡಿ ಬೆರಳಿಗಂಟಿದರೆ, ಘಾಟಿಯ ಕಡೆ ಹೊರಡುವ ಮುನ್ನ ಅಂಗಡಿಗೆ ವಾಪಸ್ಸು ಹೋಗಬೇಕು.