ಕೊಬ್ಬರಿ ಅಟ್ಟದ ಪಕ್ಕದ ಕೋಳಿಗೂಡು: ಇಲಿ ಕಾಟಕ್ಕೆ ನಾನು ಮಾಡಿದ್ದು

ಕೋಳಿಗೂಡಿಗೆ ಇಲಿ ಬರುವುದು ಕೋಳಿಗಾಗಿ ಅಲ್ಲ, ಕೋಳಿ ಕೆದರಿ ಚೆಲ್ಲಿದ ನುಚ್ಚಿಗೆ, ಮೆಕ್ಕೆಜೋಳದ ಪುಡಿಗೆ. ಬಂದ ಮೇಲೆ ಮೊಟ್ಟೆ, ಮರಿ ಕಂಡರೆ ಅದನ್ನೂ ಬಿಡುವುದಿಲ್ಲ ಅಷ್ಟೇ. ನಾವು ತಿಪಟೂರು ಕಡೆಯವರು. ನಮಗೆ ಇನ್ನೊಂದು ತೊಂದರೆ ಜಾಸ್ತಿ: ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ 8ರಿಂದ 12 ತಿಂಗಳು ಅಟ್ಟದ ಮೇಲೇ ಇರಬೇಕು. ಪಕ್ಕದಲ್ಲೇ ಮಟ್ಟೆ ರಾಶಿ, ಗರಿ ರಾಶಿ. ನಮ್ಮ ಕೋಳಿಗೂಡು ಅಪ್ಪನ ಕಾಲದಿಂದಲೂ ಆ ಗೋಡೆಗೆ ಒತ್ತಿಕೊಂಡೇ ಇತ್ತು. ಇರೋಕೆ ಅಟ್ಟ, ಊಟಕ್ಕೆ ಗೂಡು. ಇಲಿಗೆ ಇನ್ನೇನು ಬೇಕು?

ಒಂದಷ್ಟು ನಾಟಿ, ಒಂದಷ್ಟು ಗಿರಿರಾಜ ತಳಿಯ ಕೋಳಿ ಸಾಕಿದ್ದೇವೆ. ಮರಿಗಳು ರಾತ್ರಿ ಮಾಯವಾಗತೊಡಗಿದಾಗ ಮನೆಯಲ್ಲಿ ಎಲ್ಲರೂ ಮುಂಗುಸಿ ಅಂದರು. ನನಗೆ ಅನುಮಾನ. ಮುಂಗುಸಿ ಬರುವುದು ಹಗಲು ಹೊತ್ತಿನಲ್ಲಿ. ಅದಕ್ಕೆ ಒಲೆ ಬೂದಿ ಜರಡಿ ಹಿಡಿದು, ಮಲಗುವ ಮುಂಚೆ ಗೂಡಿನ ಬಾಗಿಲಿಗೆ, ಗೋಡೆ ಬುಡಕ್ಕೆ ತೆಳ್ಳಗೆ ಹರಡಿದೆ. ಬೆಳಿಗ್ಗೆ ನೋಡಿದರೆ ಬೂದಿ ಮೇಲೆ ಪುಟ್ಟ ಪುಟ್ಟ ಹೆಜ್ಜೆ. ಮುಂದಿನ ಕಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂದಿನದರಲ್ಲಿ ಐದು, ಮಧ್ಯೆ ಬಾಲ ಎಳೆದ ಗೆರೆ. ಗೆರೆ ಎಲ್ಲೂ ಅಂಗಳದ ನಡುವೆ ಹೋಗಿರಲಿಲ್ಲ. ಗೋಡೆಗೆ ಅಂಟಿಕೊಂಡೇ ಬಂದು, ಗೂಡಿನ ಹಲಗೆ ಕೆಳಗೆ ತೂರಿತ್ತು. ಆ ಗೋಡೆಯ ಬುಡವನ್ನು ಬಗ್ಗಿ ನೋಡಿದರೆ ಕಪ್ಪಗೆ, ಜಿಡ್ಡುಜಿಡ್ಡಾಗಿ ಒಂದು ಪಟ್ಟಿ. ದಿನಾ ಮೈ ಉಜ್ಜಿಕೊಂಡು ಓಡಾಡಿದ ಗುರುತು ಅದು.

ಇಲಿಯಲ್ಲೂ ಎರಡು ಜಾತಿ ಇದ್ದವು. ಅಟ್ಟದಿಂದ ಹೆಂಚಿನ ಸಂದಿಯಲ್ಲಿ ಇಳಿಯುವ ಮನೆ ಇಲಿ ಒಂದು. ನೆಲ ತೋಡಿಕೊಂಡು ಬರುವ ಹೆಗ್ಗಣ ಇನ್ನೊಂದು. ಹೆಗ್ಗಣದ ಬಿಲ ಗುರುತಿಸುವುದು ಸುಲಭ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಆದರೆ ಹಿತ್ತಲಲ್ಲಿ ಕಾಣುವ ಬಿಲವೆಲ್ಲಾ ಬಳಕೆಯಲ್ಲಿ ಇರುವುದಿಲ್ಲ. ಸಂಜೆ ಎಲ್ಲ ಬಿಲದ ಬಾಯಿಗೂ ಹಸಿ ಮಣ್ಣು ಮೆತ್ತಿ ಬಿಡಬೇಕು. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಹೆಗ್ಗಣ ಇದೆ ಅಂತ ಅರ್ಥ. ಕೆಲಸ ಅಲ್ಲಿ ಮಾತ್ರ.

ಮೊದಲು ಕೈ ಹಾಕಿದ್ದು ಮೇವಿಗೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕೆಲಸ ಇದೇ. ಇಲಿ ಊಟಕ್ಕೆ ಹೊರಡುವುದು ಕತ್ತಲಾದ ಮೇಲೆ. ಕೋಳಿ ಕತ್ತಲಲ್ಲಿ ಏನೂ ತಿನ್ನುವುದಿಲ್ಲ. ಹಾಗಿದ್ದ ಮೇಲೆ ರಾತ್ರಿ ತಟ್ಟೆಯಲ್ಲಿ ಕಾಳು ಯಾಕಿರಬೇಕು? ಬೆಳಿಗ್ಗೆ ಒಂದು ಸಲ, ಸಂಜೆ ಗೂಡು ಸೇರುವ ಮುಂಚೆ ಒಂದು ಸಲ, ಕಾಲು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಹಾಕತೊಡಗಿದೆ. ಆಮೇಲೆ ತಟ್ಟೆ ಎತ್ತಿ ಒಳಗಿಟ್ಟು, ನೆಲ ಗುಡಿಸುವುದು. ನುಚ್ಚಿನ ಮೂಟೆಯನ್ನು ಗೋಣಿಚೀಲದಿಂದ ಮುಚ್ಚಳ ಇರುವ ತಗಡಿನ ಡ್ರಮ್ಮಿಗೆ ಸುರಿದೆ. ಪ್ಲಾಸ್ಟಿಕ್ ಡಬ್ಬ ಆದರೆ ಅಂಚು ಕಡಿದು ತೂತು ಮಾಡುತ್ತವೆ. ನೀರಿನ ಬಟ್ಟಲನ್ನೂ ರಾತ್ರಿ ಮಗುಚಿ ಇಡುತ್ತೇನೆ. ಮೊಟ್ಟೆ ಸಂಜೆಯೊಳಗೇ ಎತ್ತಿಬಿಡಬೇಕು.

ಆಮೇಲೆ ಗೂಡು. ಮುಂಚೆ ಇದ್ದದ್ದು ಜೇನುಗೂಡಿನ ಆಕಾರದ ಕೋಳಿ ಜಾಲರಿ. ಅದು ಕೋಳಿಯನ್ನು ಒಳಗಿಡುತ್ತದೆ ನಿಜ, ಇಲಿಯನ್ನು ಹೊರಗಿಡುವುದಿಲ್ಲ. ತೆಳು ತಂತಿ, ದೊಡ್ಡ ಕಣ್ಣು. ಮರಿ ಇಲಿ ಸಲೀಸಾಗಿ ನುಗ್ಗುತ್ತದೆ. ಅದನ್ನು ಕಿತ್ತು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ, ಹಾಕಿಸಿದೆ. ದುಬಾರಿಯೇ, ಆದರೆ ಇಲ್ಲಿ ಜುಗ್ಗತನ ಮಾಡಬಾರದು. ಹೊರಗಿನ ಓಡಾಟದ ಜಾಗದ ಸುತ್ತ ಒಂದಡಿ ಗುಂಡಿ ತೆಗೆದು ಮೆಷ್ ಇಳಿಸಿ, ತಳದಲ್ಲಿ ಇನ್ನೊಂದು ಅಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿದೆ. ಹೆಗ್ಗಣ ಗೋಡೆ ಬುಡದಲ್ಲಿ ತೋಡುತ್ತದೆ, ಮೆಷ್ ಹಲ್ಲಿಗೆ ಸಿಗುತ್ತದೆ. ಎರಡಡಿ ಹಿಂದೆ ಹೋಗಿ ತೋಡಬೇಕು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆದೆ. ಹೆಬ್ಬೆರಳು ತೂರುವ ಸಂದಿ ಇದ್ದರೂ ಇಲಿ ತೂರುತ್ತದೆ.

ರಾತ್ರಿ ಕೋಳಿ ಮಲಗುವ ಗೂಡನ್ನು ಗೋಡೆಯಿಂದ ಮೂರಡಿ ಈಚೆಗೆ ತಂದು, ಎರಡೂವರೆ ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿದೆ. ಕಾಲಿಗೆ ತಗಡು ಸುತ್ತುವ ಉಪಾಯ ತೋಟದಿಂದ ಬಂದದ್ದು. ಎಳನೀರು ಕೊರೆಯುವ ಇಲಿ ಹತ್ತದಂತೆ ತೆಂಗಿನ ಮರಕ್ಕೆ ನೆಲದಿಂದ 2 ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತುತ್ತಾರಲ್ಲ, ಅದೇ. ನುಣುಪಿನ ಮೇಲೆ ಉಗುರು ನಿಲ್ಲುವುದಿಲ್ಲ. ಗೂಡಿನ ಕಾಲಿಗೆ ತಗಡನ್ನು ಮಗುಚಿಟ್ಟ ಆಲಿಕೆಯ ಹಾಗೆ ಬಗ್ಗಿಸಿ ಹೊಡೆದೆ. ಗೂಡಿನ ಮೇಲೆ ಬಾಗಿದ್ದ ಸೀಬೆ ಕೊಂಬೆಯನ್ನೂ ಕಡಿಯಬೇಕಾಯಿತು. ಅಮ್ಮ ಬೈದರು. ಏನು ಮಾಡೋದು, ಕೊಂಬೆ ಇದ್ದರೆ ತಗಡು ಇದ್ದೂ ಇಲ್ಲದಂತೆ.

ಇಷ್ಟಾದ ಮೇಲೇ ಬೋನು. ಊಟ ಬೇಕಾದಷ್ಟು ಬಿದ್ದಿರುವಾಗ ಬೋನಿನೊಳಗಿನ ಒಂದು ಚೂರಿಗೆ ಯಾವ ಇಲಿ ಬರುತ್ತೆ ಹೇಳಿ? ನಮ್ಮ ಮನೆಯಲ್ಲಿ ಬೋನು ಇಡುವ ಮಾತನ್ನು ಜೋರಾಗಿ ಆಡುವಂತಿಲ್ಲ, ಇಲಿಗೆ ಕೇಳಿಸುತ್ತದಂತೆ! ನಿಜವಾದ ವಿಷಯ ಬೇರೆ. ಹೊಸ ವಸ್ತು ಕಂಡರೆ ಇಲಿಗೆ ಭಯ, ಕೆಲವು ದಿನ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿಂಡಿ ಇಟ್ಟು, ಗೋಡೆ ಬುಡದ ಆ ಜಿಡ್ಡು ದಾರಿಯಲ್ಲೇ ಸುಮ್ನೆ ಬಿಡುತ್ತೇನೆ. ಧೈರ್ಯವಾಗಿ ಒಳಗೆ ಹೋಗಿ ತಿನ್ನತೊಡಗಿದ ಮೇಲೆ ಕಟ್ಟು ಬಿಚ್ಚುವುದು. ಕೊಬ್ಬರಿ ಅಟ್ಟದ ಇಲಿಗೆ ಕೊಬ್ಬರಿ ಇಟ್ಟರೆ ಮೂಸುವುದೂ ಇಲ್ಲ. ನಮ್ಮಲ್ಲಿ ನಡೆದದ್ದು ಒಣಮೀನು, ಸಂತೆ ಮಸಾಲೆ ವಡೆ. ಸ್ಪ್ರಿಂಗ್ ಕತ್ತರಿ ಇಡುವುದಾದರೆ ಅದರ ಮೇಲೆ ಪೆಟ್ಟಿಗೆ ಮುಚ್ಚಿ, ಇಲಿ ಹೋಗುವಷ್ಟೇ ತೂತು ಬಿಡಿ. ಇಲ್ಲದಿದ್ದರೆ ಕೋಳಿ ಕಾಲು ಮುರಿಯುತ್ತದೆ. ಅಂಟಿನ ಹಲಗೆ ನನಗೆ ಆಗುವುದಿಲ್ಲ. ಅದರ ಮೇಲೆ ಇಲಿ ಒದ್ದಾಡುವುದು ನೋಡೋಕಾಗಲ್ಲ, ಹಲ್ಲಿ, ಗುಬ್ಬಚ್ಚಿಯೂ ಸಿಕ್ಕಿಬೀಳುತ್ತವೆ.

ವಿಷದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗೂಡಿನ ಹತ್ತಿರ ಬೇಡ ಅಂತಲೇ ಹೇಳುತ್ತೇನೆ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ವಿಷದ ಗಾಳಿ ಏಳುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಕಾಳಿಗೆ ಬೆರೆಸಿಟ್ಟದ್ದನ್ನು ಇಲಿ ಬಾಯಲ್ಲಿ ಕಚ್ಚಿಕೊಂಡು ಅಲ್ಲಿ ಇಲ್ಲಿ ಚೆಲ್ಲಿದರೆ ಮುಗಿಯಿತು, ಕೋಳಿ ಹೆಕ್ಕದೇ ಬಿಡುವುದಿಲ್ಲ. ಇನ್ನೊಂದು ವಿಷ ಬ್ರೋಮಾಡಿಯೋಲೋನ್, ಅದರ ಬಿಲ್ಲೆ ತಿಂದ ಇಲಿ ಕೆಲವು ದಿನ ಬಿಟ್ಟು ಸಾಯುತ್ತದೆ. ಅಷ್ಟರಲ್ಲಿ ಅದು ಮಂಕಾಗಿ ಹಗಲಲ್ಲೇ ಓಡಾಡುತ್ತದೆ, ಬೆಕ್ಕು, ಗೂಬೆ ಹಿಡಿದು ತಿಂದರೆ ಅವಕ್ಕೂ ಅಪಾಯ. ಈ ಬಿಲ್ಲೆಯನ್ನು ತೋಟದಲ್ಲಿ ಮಾತ್ರ ಬಳಸುತ್ತೇನೆ. ಐದು ಮರಕ್ಕೆ ಒಂದರಂತೆ, ಮರದ ಸುಳಿಯಲ್ಲಿ 10 ಗ್ರಾಂ ಬಿಲ್ಲೆ, 12 ದಿನ ಬಿಟ್ಟು ಇನ್ನೊಂದು ಸಲ. ಅಷ್ಟು ಎತ್ತರಕ್ಕೆ ಕೋಳಿ ಹೋಗಲ್ಲ ಅಲ್ವಾ.

ಹಾವಿನ ಮಾತೂ ಇದೇ ಸಾಲಿನದ್ದು. ಗೂಡಿನ ಹತ್ತಿರ ನಾಗರಹಾವು ಕಂಡ ದಿನ ನಾನು ಬಿಲ ಹುಡುಕುತ್ತಿದ್ದರೆ ಅಮ್ಮ, "ಹಾವು ಸುಮ್ನೆ ಬರಲ್ಲ ಕಣೋ, ಇಲಿ ಇದ್ರೆ ಬತ್ತದೆ. ಮೊದ್ಲು ಆ ಮಟ್ಟೆ ರಾಶಿ ತೆಗ್ಸು" ಅಂದರು. ಮಟ್ಟೆ, ಗರಿ ಎಲ್ಲಾ ತೋಟದ ಆ ಕಡೆ ಹೋಯಿತು. ಗೂಡಿನ ಸುತ್ತ ಎರಡು ಮಾರು ಜಾಗ ಈಗ ಬೋಳು. ಅಡ್ಡ ಇಲ್ಲದ ಬಯಲು ದಾಟುವುದಕ್ಕೆ ಇಲಿಗೆ ಧೈರ್ಯ ಸಾಲದು. ಕೇರೆ ಹಾವು ಆಗಾಗ ಬರುತ್ತದೆ. ಮೆಷ್ ಗಟ್ಟಿ ಇರುವುದರಿಂದ ಮರಿಗೆ ಭಯವಿಲ್ಲ. ಅದರ ಪಾಡಿಗೆ ಬಿಲ ನೋಡಿಕೊಂಡು ಹೋಗಲಿ ಅಂತ ಬಿಟ್ಟಿದ್ದೇನೆ.

ಗೂಡು ತೊಳೆಯುವಾಗ ಬರಿಗಾಲು, ಬರಿಗೈ ಬೇಡ. ಇಲಿಯ ಉಚ್ಚೆ ಬಿದ್ದ ನೀರು, ಕೆಸರಿನಿಂದ ಇಲಿಜ್ವರ ಬರುತ್ತದೆ. ಕಾಲಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಮಳೆಗಾಲದಲ್ಲಿ ಬೂಟು, ಗ್ಲೌಸ್ ಇಲ್ಲದೆ ನಾನು ಗೂಡಿಗೆ ಕೈ ಹಾಕುವುದಿಲ್ಲ. ಸತ್ತ ಇಲಿಯನ್ನು ಆಳವಾಗಿ ಹೂಳುತ್ತೇನೆ, ತಿಪ್ಪೆಗೆ ಎಸೆದರೆ ಕೋಳಿ ಕುಕ್ಕುತ್ತವೆ.

ಈಗ ಇಲಿ ಪೂರ್ತಿ ಹೋಗಿವೆಯಾ ಅಂದರೆ, ಅಟ್ಟ ಇರುವ ತನಕ ಹೋಗುವುದಿಲ್ಲ. ಆದರೆ ಗೂಡಿನ ಕಡೆ ತಲೆ ಹಾಕುವುದು ನಿಂತಿದೆ. ಕಷ್ಟ ಬರುವುದು ಕಾಯಿ ಸುಲಿಯಲು ಅಟ್ಟ ಇಳಿಸುವಾಗ. ಒಳಗಿದ್ದ ಇಲಿಯೆಲ್ಲಾ ಒಟ್ಟಿಗೆ ಕೆಳಗೆ ಬಂದು ಜಾಗ ಹುಡುಕುತ್ತವೆ. ಆಳುಗಳಿಗೆ ಹೇಳುವ ಮುಂಚೆಯೇ ಕಟ್ಟು ಹಾಕಿದ ಬೋನುಗಳನ್ನು ಗೋಡೆ ಉದ್ದಕ್ಕೂ ಇಟ್ಟಿರುತ್ತೇನೆ. ಆ ವಾರ ತಾಯಿಕೋಳಿ, ಮರಿ ಎಲ್ಲ ನಡುಮನೆಯಲ್ಲಿ, ಮಂಕರಿ ಕೆಳಗೆ.